ಅಕ್ಕನ ಮರೆವು

ನಮ್ಮ ಭಾವ ಜಾದೂಗಾರ. ಹಾಗಂದ ಕೂಡಲೇ ಜನ ಉದ್ದನೆಯ ಕೋಟು, ಹೊಗೆ, ಪೆಟ್ಟಿಗೆಯೊಳಗೆ ಎರಡು ತುಂಡಾಗುವ ಹುಡುಗಿ ಅಂತೆಲ್ಲ ಕಲ್ಪಿಸಿಕೊಳ್ಳುತ್ತಾರೆ. ಭಾವನದು ಅದಲ್ಲ. ಅವನು ನಿಮ್ಮ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು, ನಿಮ್ಮದೇ ನಾಣ್ಯ, ನಿಮ್ಮದೇ ಉಂಗುರ, ನೀವೇ ಕಲೆಸಿಕೊಟ್ಟ ಇಸ್ಪೀಟೆಲೆ ಹಿಡಿದು, ಒಂದು ಮೊಳ ದೂರದಲ್ಲಿ ನಿಮ್ಮನ್ನು ಮಂಗ ಮಾಡುವವನು. ಮುಖದೆದುರು ಇವತ್ತಿಗೂ ಬಹುವಚನದಲ್ಲೇ ಮಾತಾಡಿಸುತ್ತೇನೆ. ಬರೆಯುವಾಗ ಏಕವಚನ ಸಾಕು.

ಮೊದಲು ಅವನು ಚಪ್ಪಲಿ ಅಂಗಡಿಯಲ್ಲಿದ್ದ. ಎಂಟು ವರ್ಷ ಗಿರಾಕಿಗಳ ಕಾಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬೂಟು ತೊಡಿಸಿದ. ಹಟ ಮಾಡುವ ಮಕ್ಕಳನ್ನು ಸುಮ್ಮನಾಗಿಸಲು ನಾಣ್ಯ ಮಾಯ ಮಾಡುವುದು ಕಲಿತ. ಹೀಗೇ ಒಂದು ದಿನ ದೊಡ್ಡ ಹೋಟೆಲಿನ ಮಾಲೀಕ ಬೂಟು ಕೊಳ್ಳಲು ಬಂದಿದ್ದಾಗ ಅವನ ಕೈಗಡಿಯಾರವನ್ನೇ ಬಿಚ್ಚಿ ಅವನ ಹೊಸ ಬೂಟಿನೊಳಗಿಂದ ತೆಗೆದುಕೊಟ್ಟ. ಮಾಲೀಕ ಬಿದ್ದು ಬಿದ್ದು ನಕ್ಕು, ಮಧ್ಯಾಹ್ನದ ಊಟದ ಹೊತ್ತಿಗೆ ಮೇಜಿಂದ ಮೇಜಿಗೆ ಹೋಗಿ ಜಾದೂ ಮಾಡುವ ಕೆಲಸ ಕೊಟ್ಟ.

"ಎಂಟು ವರ್ಷ ಜನರ ಹಿಮ್ಮಡಿ ನೋಡಿದ್ದೀನಿ," ಅಂತಿದ್ದ ಭಾವ. "ಈಗ ಅವರು ನನ್ನ ಕೈ ನೋಡ್ಲಿ."

ಕೈ ನಿಜಕ್ಕೂ ಚೆಂದ ಇತ್ತು. ಉದ್ದ ಬೆರಳು, ಒಂದಿಷ್ಟೂ ಆತುರವಿಲ್ಲ. ಒಂದು ಸಲ ನನಗೆ ಗುಟ್ಟು ಹೇಳಿಕೊಟ್ಟಿದ್ದ. "ಕೈ ಜೋರಾಗಿ ಓಡ್ಬೇಕು ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ಸುಳ್ಳು. ಕೈ ಸೋಮಾರಿಯಾಗಿರ್ಬೇಕು. ಎದುರಿಗಿರೋರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ ಬರೋ ಹಾಗೆ ಮಾಡಿದ್ರೆ ಮುಗೀತು, ಮಿಕ್ಕಿದ್ದೆಲ್ಲ ಅವರೇ ಮಾಡ್ಕೋತಾರೆ."

ಪ್ರತಿ ಮೇಜಿನಲ್ಲೂ ಅವನು ಒಬ್ಬ ಬಕರಾನನ್ನು ಆರಿಸುತ್ತಿದ್ದ. ಉಳಿದವರು ಯಾರನ್ನು ನೋಡಿ ಆಗಲೇ ಒಳಗೊಳಗೇ ನಗುತ್ತಿದ್ದಾರೋ ಅವನೇ ಆಗಬೇಕು. ಒಮ್ಮೆ ಸಂಕೋಚದ ಮುದ್ದೆಯಂಥ ಒಬ್ಬಾತ ಹುಡುಗಿಯೊಬ್ಬಳನ್ನು ಊಟಕ್ಕೆ ಕರೆತಂದಿದ್ದ. ಮದುವೆಯ ಮಾತೆತ್ತಲು ಜೇಬಿನಲ್ಲಿ ಉಂಗುರ ಇಟ್ಟುಕೊಂಡು, ಧೈರ್ಯ ಸಾಲದೆ ನೀರು ಕುಡಿಯುತ್ತಾ ಕೂತಿದ್ದ. ಭಾವ ಆ ಉಂಗುರವನ್ನು ಹುಡುಗಿಯ ಸೂಪಿನ ಬಟ್ಟಲಿನಿಂದ ಚಮಚದಲ್ಲಿ ಎತ್ತಿ ತೋರಿಸಿದ. ಸುತ್ತಲಿನ ಮೇಜುಗಳೆಲ್ಲ ಚಪ್ಪಾಳೆ ತಟ್ಟಿದವು. ಹುಡುಗಿ ಕೆಂಪಾಗಿ ಎದ್ದು ಹೋದಳು. ಆತ ಸೂಪಿನಲ್ಲಿ ಒದ್ದೆಯಾದ ಉಂಗುರ ಒರೆಸುತ್ತಾ ಕೂತಿದ್ದನ್ನು ಭಾವ ನಮಗೆ ಅಭಿನಯಿಸಿ ತೋರಿಸುತ್ತಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಕ್ಕ ಮಾತ್ರ, "ಆಮೇಲೆ ಅವನಿಗೆ ಏನಾಯ್ತು?" ಅಂತ ಕೇಳಿದಳು. ಭಾವನಿಗೆ ಗೊತ್ತಿರಲಿಲ್ಲ.

ಅಕ್ಕ ಔಷಧಿ ಅಂಗಡಿಯ ಕೌಂಟರಿನಲ್ಲಿದ್ದವಳು. ಹದಿಮೂರು ವರ್ಷ. ಯಾವ ಡಾಕ್ಟರ ಕಾಗೆಕಾಲು ಅಕ್ಷರವಾದರೂ ಓದುತ್ತಿದ್ದಳು. ಯಾವ ಅಜ್ಜಿಗೆ ಯಾವ ಮಾತ್ರೆ ಆಗಿಬರುವುದಿಲ್ಲ ಅನ್ನುವುದು ಬಾಯಿಪಾಠ. ಅಂಥ ಕಣ್ಣು, ಅಂಥ ತಲೆ ಇದ್ದವಳ ಮುಂದೆ ಭಾವನ ಆಟ ನಡೆಯುತ್ತಿರಲಿಲ್ಲ. ಅವನು ಅಡುಗೆಮನೆಯಲ್ಲಿ ನಿಂತು ಹೊಸದೊಂದನ್ನು ಅಭ್ಯಾಸ ಮಾಡುತ್ತಿದ್ದರೆ ಅಕ್ಕ ತರಕಾರಿ ಹೆಚ್ಚುತ್ತಲೇ, ತಲೆ ಕೂಡ ಎತ್ತದೆ, "ಎಡಗೈಲಿದೆ, ಕಿರುಬೆರಳ ಹಿಂದೆ," ಅನ್ನುತ್ತಿದ್ದಳು. ಸಾವಿರ ಜನ ಬೆರಗಾಗಿ ಬಾಯಿ ಬಿಟ್ಟರೂ ಮನೆಯಲ್ಲಿ ಒಬ್ಬಳು ಬಿಡಲಿಲ್ಲ. ಅದು ಅವನನ್ನು ಒಳಗಿಂದೊಳಗೇ ಕೊರೆಯುತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಆದ್ದರಿಂದ ಅವನು ಹೇಳದೇ ಕೇಳದೇ ಆಡತೊಡಗಿದ.

ಮೊದಮೊದಲು ಸಣ್ಣವು. ಮೇಜಿನ ಮೇಲಿಟ್ಟ ಕನ್ನಡಕ ಫ್ರಿಜ್ಜಿನಲ್ಲಿ ಸಿಗುತ್ತಿತ್ತು. ಉಪ್ಪಿನ ಡಬ್ಬಿ ಸೋಪಿನ ಪಕ್ಕ. ಈಗಷ್ಟೇ ಸೋಸಿಟ್ಟ ಟೀ ಲೋಟ ಖಾಲಿ, ತೊಳೆದು ಬೋರಲು ಹಾಕಿದ ಸ್ಥಿತಿಯಲ್ಲಿ. ಅಕ್ಕ ಮೊದಲು ನಕ್ಕಳು. ನಾಲ್ಕಾರು ತಿಂಗಳಿಗೆ ನಗುವುದು ಬಿಟ್ಟಳು. ಭಾವನನ್ನು ಅನುಮಾನಿಸಲಿಲ್ಲವೇ ಅಂದರೆ, ಒಂದು ಸಲ ನೇರವಾಗಿ ಕೇಳಿದಳಂತೆ. "ರೀ, ನೀವೇನಾದ್ರೂ ಆಟ ಆಡ್ತಿದ್ದೀರಾ?" ಭಾವ ಅವಳ ತಲೆ ಸವರಿ, "ಮನೇಲೂ ಅದೇ ಕೆಲಸ ಮಾಡೋಕೆ ನನಗೇನು ಹುಚ್ಚಾ? ನೀನು ಸುಸ್ತಾಗಿದ್ದೀಯ ಕಣೇ," ಅಂದನಂತೆ.

ಒಂದು ಭಾನುವಾರ ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಅಕ್ಕ ಬೀಗದ ಕೈ ಹುಡುಕುತ್ತಾ ಬೆವೆತಿದ್ದಳು. ಚೀಲವನ್ನು ಮಂಚದ ಮೇಲೆ ಸುರಿದು ನೋಡಿ, ಮತ್ತೆ ತುಂಬಿ, ಮತ್ತೆ ಸುರಿದಳು. ಅವಳು ಬೆನ್ನು ತಿರುಗಿಸಿದಾಗ ಭಾವ ತನ್ನ ಮುಷ್ಟಿಯಿಂದ ಆ ಬೀಗದ ಕೈಯನ್ನು ಚೀಲದೊಳಕ್ಕೆ ಇಳಿಬಿಟ್ಟ. ನನ್ನತ್ತ ನೋಡಿ ತುಟಿ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸಿದ. ಅಕ್ಕ ಮತ್ತೆ ಚೀಲಕ್ಕೆ ಕೈ ಹಾಕಿದಳು, ಸಿಕ್ಕಿತು.

"ಮೂರು ಸಲ ನೋಡಿದ್ದೆ ಕಣೇ," ಅಂದಳು ನನಗೆ. ಮುಖ ಬಿಳುಚಿಕೊಂಡಿತ್ತು.

"ವಯಸ್ಸಾಯ್ತು ಬಿಡು ನಿಂಗೆ," ಅಂದು ನಾನು ನಕ್ಕೆ. ಅವಳಿಗೆ ಆಗ ನಲವತ್ತೊಂದು.

ಅಂಗಡಿಯಲ್ಲಿ ಅವಳು ಪ್ರತಿಯೊಂದನ್ನೂ ಎರಡೆರಡು ಸಲ, ಮೂರು ಮೂರು ಸಲ ನೋಡತೊಡಗಿದಳು. ಸಾಲು ಬಾಗಿಲಾಚೆ ಬೆಳೆಯುತ್ತಿತ್ತು. ಒಂದು ದಿನ ಒಬ್ಬ ಮುದುಕರಿಗೆ ರಕ್ತದೊತ್ತಡದ ಮಾತ್ರೆ ಕೊಟ್ಟು ಕಳಿಸಿದ ಮೇಲೆ, ಒಂದೇ ಪಟ್ಟಿ ಕೊಟ್ಟೆನೋ ಎರಡೋ, ಸರಿಯಾದದ್ದೇ ಕೊಟ್ಟೆನೋ ಅಂತ ಗಾಬರಿಯಾಗಿ ಬರಿಗಾಲಲ್ಲಿ ಬೀದಿಗೆ ಓಡಿದಳು. ಬಸ್ಸಿಗೆ ಕಾಯುತ್ತಿದ್ದ ಮುದುಕರ ಕೈಯಿಂದ ಪೊಟ್ಟಣ ಕಿತ್ತುಕೊಂಡು ಬಿಚ್ಚಿ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಮಾರನೇ ದಿನ ಮಾಲೀಕರಿಗೆ ಕಾಗದ ಬರೆದುಕೊಟ್ಟಳು: ನನ್ನ ನೆನಪು ಕೈಕೊಡುತ್ತಿದೆ, ನನ್ನಿಂದ ಯಾರಾದರೂ ಸಾಯುವ ಮೊದಲು ನನ್ನನ್ನು ಬಿಡುಗಡೆ ಮಾಡಿ.

ಅವತ್ತು ಸಂಜೆ ನಾನು ಭಾವನನ್ನು ಮೆಟ್ಟಿಲ ಹತ್ತಿರ ತಡೆದೆ. "ಸಾಕು ಭಾವ. ಹೇಳಿಬಿಡಿ ಅವಳಿಗೆ."

ಅವನಿಗೂ ಹೆದರಿಕೆಯಾಗಿತ್ತು. "ಈಗ ಹೇಗೆ ಹೇಳ್ಲಿ? ಕೆಲಸ ಬೇರೆ ಬಿಟ್ಟಿದ್ದಾಳೆ. ನಿಲ್ಲಿಸಿಬಿಡ್ತೀನಿ, ಆಣೆ. ತಾನಾಗೇ ಸರಿಹೋಗತ್ತೆ. ನೀನೂ ಬಾಯಿ ಬಿಡ್ಬೇಡ."

ನಾನು ಬಾಯಿ ಬಿಡಲಿಲ್ಲ. ಅವನು ನಿಲ್ಲಿಸಿದ ಅಂತಲೇ ಕಾಣುತ್ತದೆ. ಆದರೆ ಅಕ್ಕನ ಮರೆವು ನಿಲ್ಲಲಿಲ್ಲ. ಈಗ ನಿಜವಾಗಿಯೇ ಹಾಲು ಉಕ್ಕಿಸುತ್ತಿದ್ದಳು, ನಲ್ಲಿ ತೆರೆದಿಟ್ಟು ಹೊರಟುಬಿಡುತ್ತಿದ್ದಳು, ಅರ್ಧ ಮಾತಿಗೆ ನಿಂತು ನನ್ನ ಮುಖ ನೋಡುತ್ತಿದ್ದಳು. ಕೊನೆಗೆ ನಾನೇ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಡಿಯಾರದ ಚಿತ್ರ ಬರೆಸಿದರು, ಇಪ್ಪತ್ತು ಪದ ಹೇಳಿ ವಾಪಸ್ ಹೇಳಿಸಿದರು, ತಲೆಯ ಫೋಟೋ ತೆಗೆದರು. ಹತ್ತು ದಿನ ಬಿಟ್ಟು ಬನ್ನಿ ಅಂದರು.

ಆ ಹತ್ತು ದಿನದಲ್ಲಿ ಭಾವನ ಅದೃಷ್ಟ ಖುಲಾಯಿಸಿತು. ಯಾರೋ ಅವನ ಮೇಜಿನ ಜಾದೂವನ್ನು ಫೋನಿನಲ್ಲಿ ಹಿಡಿದು ಹಂಚಿದ್ದರು, ಊರೆಲ್ಲ ನೋಡಿತ್ತು. ಟಿವಿಯವರು ಮಧ್ಯಾಹ್ನದ ಹರಟೆ ಕಾರ್ಯಕ್ರಮಕ್ಕೆ ಕರೆದರು.

ನಾವು ಫಲಿತಾಂಶಕ್ಕೆ ಕಾಯುತ್ತಾ ಕೂತಿದ್ದ ಕೋಣೆಯ ಗೋಡೆಯ ಮೇಲೆ ಟಿವಿ ಇತ್ತು. ಭಾವ ಹೊಸ ಅಂಗಿ ಹಾಕಿಕೊಂಡು ಕಾಣಿಸಿಕೊಂಡ. ಅಕ್ಕ, "ಇಸ್ತ್ರಿ ನಾನೇ ಮಾಡಿದ್ದು, ಅಲ್ವಾ?" ಅಂತ ನನ್ನನ್ನು ಕೇಳಿದಳು. ಕಾರ್ಯಕ್ರಮದ ನಿರೂಪಕಿಯ ಬಳೆ ಅವಳಿಗೆ ತಿಳಿಯದೆ ಬಿಚ್ಚಿಕೊಟ್ಟಾದ ಮೇಲೆ ಅವಳು ಕೇಳಿದಳು, "ಇಷ್ಟು ಚೆನ್ನಾಗಿ ಎಲ್ಲಿ ಅಭ್ಯಾಸ ಮಾಡಿದ್ರಿ ಸಾರ್?"

"ಹೆಂಡತಿ ಮೇಲೆ!" ಅಂದ ಭಾವ.

ನಿರೂಪಕಿ ನಕ್ಕಳು. ಅವನು ಮುಂದುವರಿದ. ಕನ್ನಡಕ, ಉಪ್ಪಿನ ಡಬ್ಬಿ, ಟೀ ಲೋಟ, ಎಲ್ಲ ಹೇಳಿದ. ಅಕ್ಕ ಹುಡುಕುವ ರೀತಿ, ಗೊಣಗುವ ರೀತಿ ಅಭಿನಯಿಸಿದ. ತುಂಬಾ ಚೆನ್ನಾಗಿ ಅಭಿನಯಿಸಿದ. "ಮೂರು ವರ್ಷ ಮೇಡಂ! ಪಾಪ, ತನಗೆ ಮರೆವಿನ ಕಾಯಿಲೆ ಅಂತಲೇ ನಂಬಿಬಿಟ್ಟಿದ್ದಾಳೆ!" ನಿರೂಪಕಿ ಕಣ್ಣೊರೆಸಿಕೊಳ್ಳುತ್ತಾ ಮೇಜಿನ ಮೇಲೆ ಬಾಗಿದಳು. ಕಾಯುವ ಕೋಣೆಯಲ್ಲೂ ಜನ ನಕ್ಕರು. ನಮ್ಮ ಪಕ್ಕದಲ್ಲಿ, ಮಗಳಿಂದ ಬಾಯಿ ಒರೆಸಿಸಿಕೊಳ್ಳುತ್ತಿದ್ದ ಒಬ್ಬ ವೃದ್ಧರೂ ಅರ್ಥವಾದವರಂತೆ ಗಟ್ಟಿಯಾಗಿ ನಕ್ಕರು.

ಅಕ್ಕ ಟಿವಿಯಿಂದ ಕಣ್ಣು ಕೀಳದೆ ಕೇಳಿದಳು. "ನಿಂಗೆ ಗೊತ್ತಿತ್ತಾ?"

"ಇಲ್ಲ," ಅಂದೆ.

ಅಷ್ಟರಲ್ಲಿ ನರ್ಸ್ ನಮ್ಮ ನಂಬರು ಕೂಗಿದಳು. ಡಾಕ್ಟರು, ಮೆದುಳಿನಲ್ಲಿ ಏನೂ ದೋಷವಿಲ್ಲ, ಆತಂಕ ಅಷ್ಟೇ, ದಿನಕ್ಕೊಂದು ಮಾತ್ರೆ ಬರೆದಿದ್ದೇನೆ, ಖುಷಿಯಾಗಿರಿ ಅಂದರು. ಅಕ್ಕ ಥ್ಯಾಂಕ್ಸ್ ಹೇಳಿ ಎದ್ದಳು. ಅಲ್ಲಿಂದ ನೇರ ನನ್ನ ಮನೆಗೆ ಬಂದಳು. ಮತ್ತೆ ಆ ಮನೆಗೆ ಹೋಗಲಿಲ್ಲ. ಬಟ್ಟೆಬರೆ ನಾನೇ ಹೋಗಿ ತಂದೆ. "ಬಾಯಿಗೆ ಬಂದ್ಬಿಡ್ತು," ಅಂದ ಭಾವ. "ಆ ಟಿವಿಯವಳು ಅಷ್ಟು ನಗ್ತಾ ಇದ್ಲು, ನನಗೆ ನಿಲ್ಲಿಸೋಕೆ ಆಗ್ಲಿಲ್ಲ."

ಅಕ್ಕ ಹಳೇ ಕೆಲಸ ಕೇಳಲು ಔಷಧಿ ಅಂಗಡಿಗೆ ಹೋದಳು. ಮಾಲೀಕರು ಕುರ್ಚಿ ಕೊಟ್ಟು ಕೂರಿಸಿ, ಮರ್ಯಾದೆಯಿಂದಲೇ ಮಾತಾಡಿದರು. "ಜನ ಟಿವಿ ನೋಡಿದ್ದಾರಮ್ಮ. ನಿಮ್ಮನ್ನ ನೋಡಿದ್ರೆ ನಗ್ತಾರೆ. ಔಷಧಿ ಕೊಡೋರನ್ನ ನೋಡಿ ಜನ ನಗೋ ಹಾಗಾಗ್ಬಾರ್ದು. ಬೇಜಾರು ಮಾಡ್ಕೋಬೇಡಿ." ಈಗ ಅವಳು ಒಂದು ಆಸ್ಪತ್ರೆಯಲ್ಲಿ ಹಾಸುಬಟ್ಟೆ ಎಣಿಸಿ ಮಡಚಿಡುತ್ತಾಳೆ. ಒಂದು ಹೆಚ್ಚಾದರೂ ಒಂದು ಕಮ್ಮಿಯಾದರೂ ಯಾರೂ ಸಾಯುವುದಿಲ್ಲ ಅನ್ನುತ್ತಾಳೆ.

ಭಾವನಿಗೆ ಮಾತ್ರ ಆ ಕಥೆಯೇ ಬಂಡವಾಳವಾಯಿತು. ಎಲ್ಲಿ ಹೋದರೂ ಜನ 'ಹೆಂಡತಿ ಐಟಂ ಹೇಳಿ' ಅಂತ ಕೂಗುತ್ತಿದ್ದರು. ಹೋಟೆಲಿನ ಮೇಜುಗಳು ಹೋಗಿ ಟಿಕೆಟ್ಟಿನ ಪ್ರದರ್ಶನಗಳು ಬಂದವು. ಅವನ ಬೆರಳುಗಳನ್ನು ಪರದೆಯ ಮೇಲೆ ಮಂಚದಷ್ಟು ದೊಡ್ಡದಾಗಿ ತೋರಿಸುತ್ತಿದ್ದರು.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನು ನನ್ನ ಮನೆಗೆ ಬಂದ. ತೆಳ್ಳಗಾಗಿದ್ದ. ಅಕ್ಕ ಬಾಗಿಲಲ್ಲೇ ಅವನನ್ನು ನಿಲ್ಲಿಸಿ ಜೇಬುಗಳನ್ನು ಖಾಲಿ ಮಾಡಿಸಿದಳು. ಒಳಗೆ ಕೂರಿಸಿ, "ಕೈ ಎರಡೂ ಮೇಜಿನ ಮೇಲಿಡು. ಎತ್ತಬೇಡ," ಅಂದಳು. ಹದಿನೈದು ವರ್ಷದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದದ್ದು. ಅವನು ಇಟ್ಟ.

"ತಪ್ಪಾಯ್ತು ಕಣೇ," ಅಂದ. "ವಾಪಸ್ ಬಾ."

ಅಕ್ಕ ಒಂದು ನೋಟ್‌ಬುಕ್ ತಂದಳು. ಎಲ್ಲ ಶುರುವಾದಾಗಿನಿಂದ ತನ್ನ ಪ್ರತಿ ಮರೆವನ್ನೂ ತಾರೀಖು ಹಾಕಿ ಬರೆದಿಟ್ಟಿದ್ದಳಂತೆ. ನನಗೂ ಗೊತ್ತಿರಲಿಲ್ಲ. "ಇದನ್ನ ಓದ್ತೀನಿ. ನೀನಾ, ನಾನಾ, ಅಷ್ಟು ಹೇಳು."

ಓದಿದಳು. ಕತ್ತರಿ ಅಕ್ಕಿ ಡಬ್ಬದಲ್ಲಿ. "ನಾನು," ಅಂದ. ಒಂದು ಕಾಲಿನ ಚಪ್ಪಲಿ ಬಾಲ್ಕನಿಯಲ್ಲಿ. "ನಾನು." ಹೇಳುವಾಗ ತುಟಿಯಂಚು ಒಂದು ಚೂರು ಅರಳಿತು, ತಡೆದುಕೊಂಡ. ಕರೆಂಟು ಬಿಲ್ಲು ಕಸದಬುಟ್ಟಿಯಲ್ಲಿ. "ನಾನು... ಇರ್ಬೇಕು." ಹೀಗೆ ಎಂಟು ಪುಟ. ಬರಬರುತ್ತಾ 'ಇರ್ಬೇಕು' ಹೋಗಿ 'ನೆನಪಿಲ್ಲ' ಆಯಿತು.

ಅಕ್ಕ ಒಂದು ಪುಟಕ್ಕೆ ಬಂದು ನಿಂತಳು. ನಮ್ಮ ಅಮ್ಮ ತೀರಿಕೊಂಡ ವಾರದ್ದು. ಆ ವಾರ ಒಂದು ದಿನ ಅಮ್ಮ ಅಂಗಡಿಯಲ್ಲಿದ್ದ ಅಕ್ಕನಿಗೆ ಫೋನು ಮಾಡಿದ್ದಳು. ಗಿರಾಕಿಗಳಿದ್ದರು, ಆಮೇಲೆ ಮಾಡ್ತೀನಮ್ಮ ಅಂದು ಅಕ್ಕ ಒಂದು ಚೀಟಿ ಬರೆದುಕೊಂಡು ಬಂದು ಮನೆಯ ಕನ್ನಡಿಗೆ ಅಂಟಿಸಿದ್ದಳಂತೆ. ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಚೀಟಿ ಇರಲಿಲ್ಲ, ವಿಷಯವೂ ತಲೆಯಿಂದ ಹಾರಿತ್ತು. ಎರಡು ದಿನಕ್ಕೆ ಅಮ್ಮನ ಹೃದಯ ನಿಂತಿತು.

"ಈ ಚೀಟಿ," ಅಂದಳು ಅಕ್ಕ. "ನೀನು ತೆಗ್ದೆಯಾ, ನಾನು ಅಂಟಿಸಲೇ ಇಲ್ವಾ?"

ಭಾವ ನಿಜವಾಗಿಯೂ ಯೋಚಿಸಿದ. ಹಣೆಯಲ್ಲಿ ಗೆರೆ ಮೂಡಿತು. "ನೆನಪಿಲ್ಲ ಕಣೇ. ದೇವರಾಣೆ ನೆನಪಿಲ್ಲ. ಅಷ್ಟೊಂದು ಮಾಡಿದ್ದೆ..." ಮೇಜಿನ ಮೇಲಿನ ಕೈ ಎತ್ತದೆಯೇ ಮುಂದೆ ಬಾಗಿ, "ನಾನೇ ಅಂದ್ರೆ ನಿಂಗೆ ಸಮಾಧಾನ ಆಗತ್ತಾ? ಹಾಗಿದ್ರೆ ನಾನೇ ಅಂತ ಇಟ್ಕೋ."

ಅಕ್ಕ ಅವನ ಕೈಗಳನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ, "ಎದ್ದು ಹೋಗು," ಅಂದಳು.

ಅವನು ಹೋದ. ಮುಂದಿನ ತಿಂಗಳ ಪ್ರದರ್ಶನದಲ್ಲಿ ಇದನ್ನೂ ಸೇರಿಸಿಕೊಂಡ: ಬಾಗಿಲಲ್ಲಿ ಜೇಬು ಖಾಲಿ ಮಾಡಿಸಿದ್ದು, ಕೈ ಮೇಜಿನ ಮೇಲಿಡಿಸಿದ್ದು. ಚೀಟಿಯ ವಿಷಯ ಬಿಟ್ಟಿದ್ದನಂತೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು ಅಂತ ನನ್ನ ಗೆಳತಿ ನೋಡಿ ಬಂದು ಹೇಳಿದಳು.

ಅಕ್ಕ ನನ್ನ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ. ಈಗಲೂ ಯಾವುದನ್ನೂ ಒಂದು ಸಲ ನೋಡಿ ಬಿಡುವುದಿಲ್ಲ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ತಿರುಗಿ, "ಮಾತ್ರೆ ತಗೊಂಡ್ನಾ ನಾನು?" ಅಂತ ಕೇಳುತ್ತಾಳೆ.

ಎಷ್ಟೋ ಸಲ ನಾನು ಗಮನಿಸಿಯೇ ಇರುವುದಿಲ್ಲ. ಆದರೂ, "ತಗೊಂಡೆ," ಅನ್ನುತ್ತೇನೆ.

"ನೀನು ಹೇಳಿದ್ರೆ ಸರಿ," ಅಂದು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾಳೆ.