ಕೆಂಪು ದಾರದ ಡಬ್ಬಿ ಯಾರದು?

ನಿಮ್ಮ ಅಂಗಿ ಪಕ್ಕದ ಬೀದಿಯವರ ಮೈಮೇಲೆ ಓಡಾಡುವುದನ್ನು ಎಂದಾದರೂ ನೋಡಿದ್ದೀರಾ? ನೋಡಿದ್ದರೆ ಅದು ನಮ್ಮ ಅಂಗಡಿಯಿಂದ ಹೋದದ್ದಲ್ಲ. ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಇಪ್ಪತ್ತು ವರ್ಷದಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಹೋಗಿದ್ದು ಎರಡೇ ಸಲ. ಬಟ್ಟೆ ಬಾಗಿಲು ದಾಟುವ ಮೊದಲೇ ಅದಕ್ಕೆ ಅಂಕಿ ಬರೆದ ಒಂದು ಬಟ್ಟೆಚೂರನ್ನು ದಾರದಲ್ಲಿ ಕಟ್ಟುತ್ತೇವೆ. ಅಷ್ಟಾಗಿಯೂ ಗುರುತು ತಪ್ಪಿದರೆ ಅವತ್ತೇ ಗಿರಾಕಿಗೆ ಹೇಳಬೇಕು. ಇದು ನಾನು ಮಾಡಿದ ಕಾನೂನು. ಈ ಕಾನೂನೇ ಒಂದು ದಿನ ನನ್ನ ಕುತ್ತಿಗೆಗೆ ಬಂತು. ಆ ಕಥೆ ಹೇಳುತ್ತೇನೆ, ಕೇಳಿ.

ಅಂಗಡಿಯ ಮೇಲೆಯೇ ಮನೆ. ನಾನು, ನನ್ನ ತಮ್ಮ, ಅವನ ಹೆಂಡತಿ, ಮೂರೇ ಜನ. ತಮ್ಮನನ್ನು ಎಲ್ಲರೂ ಗರಿಗರಿ ಅಣ್ಣ ಅನ್ನುತ್ತಾರೆ. ಅವನು ಇಸ್ತ್ರಿ ಮಾಡಿದ ಅಂಗಿ ಮನುಷ್ಯನಿಲ್ಲದೆಯೂ ನಿಲ್ಲುತ್ತದೆ ಅಂತ ಬೀದಿಯ ಮಾತು. ಅವನ ಹೆಂಡತಿ ಚಿಕ್ಕ ಆಳು, ಭಾರಿ ಚುರುಕು. ಅವಳನ್ನು ಗುಬ್ಬಿ ಅನ್ನುತ್ತೇವೆ. ನನ್ನ ಹೆಸರು ಅನುಮಾನದಕ್ಕ. ಗಿರಾಕಿಯ ಪ್ಯಾಂಟಿನ ಜೇಬನ್ನು ಮೂರು ಸಲ ತಡಕುವವಳು ನಾನು. ಹುಟ್ಟುಗುಣ, ಏನು ಮಾಡಲಿ?

ತಮ್ಮನಿಗೂ ಗುಬ್ಬಿಗೂ ಎಚ್‌ಐವಿ ಇದೆ. ಗೊತ್ತಾಗಿ ಹನ್ನೊಂದು ವರ್ಷವಾಯಿತು. ಆಗ ತಮ್ಮ ಎಷ್ಟು ಸೊರಗಿದ್ದ ಅಂದರೆ ನಾನೊಬ್ಬಳೇ ಅವನನ್ನು ಹೊತ್ತು ಮೆಟ್ಟಿಲು ಇಳಿಸಿದ್ದೆ. ಒದ್ದೆ ಕಂಬಳಿಯಷ್ಟೂ ಭಾರವಿರಲಿಲ್ಲ. ಅವತ್ತಿನ ಭಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಮಾತ್ರೆ ಶುರು ಮಾಡಿದರು. ಇಬ್ಬರೂ ಒಂದು ದಿನ ತಪ್ಪಿಸದೆ ನುಂಗಿದರು. ಈಗ ಅವರ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆ. ತಮ್ಮ ಎರಡು ಮೂಟೆ ಬಟ್ಟೆ ಹೊತ್ತು ಹಾಡು ಹೇಳಿಕೊಂಡು ಮೆಟ್ಟಿಲು ಹತ್ತುತ್ತಾನೆ. ಹಾಡು ಮಾತ್ರ ಕೇಳುವ ಹಾಗಿರುವುದಿಲ್ಲ.

ಹೀಗಿರುವಾಗ ಒಂದು ದಿನ ಇಬ್ಬರೂ ಆಸ್ಪತ್ರೆಯಿಂದ ಕಾಗದದ ಕಟ್ಟು ಹಿಡಿದು ಬಂದರು.

"ಅಕ್ಕಾ, ಹೊಸ ಮಾತ್ರೆ ಒಂದು ಬಂದಿದೆಯಂತೆ," ಅಂದ ತಮ್ಮ. "ಮೂತ್ರಪಿಂಡಕ್ಕೆ ಈಗಿನದಕ್ಕಿಂತ ಹಗುರ ಇರಬಹುದು ಅಂತಾರೆ. ಹೌದೋ ಅಲ್ವೋ ಅಂತ ನೋಡೋಕೆ ಟ್ರಯಲ್ ಮಾಡ್ತಾರಂತೆ. ನಮ್ಮನ್ನೂ ಸೇರ್ತೀರಾ ಅಂತ ಕೇಳಿದ್ರು."

"ಏನಂತ ಕೇಳಿದ್ರು? ಪಂಜರದ ಇಲಿ ಆಗ್ತೀರಾ ಅಂತಾನಾ?"

"ಅಯ್ಯೋ ಅಕ್ಕಾ, ಪೂರ್ತಿ ಕೇಳಿ," ಅಂದಳು ಗುಬ್ಬಿ.

"ಏನು ಕೇಳೋದು? ಗುಂಡುಕಲ್ಲಿನ ಹಾಗೆ ಇದೀರ. ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು!"

ಮಾರನೇ ದಿನ ಇಸ್ತ್ರಿಪೆಟ್ಟಿಗೆ ಆರಿಸಿ ನಾನೇ ಆಸ್ಪತ್ರೆಗೆ ಹೊರಟೆ, ಅವರಿಬ್ಬರನ್ನೂ ಎಳೆದುಕೊಂಡು. ಉದ್ದನೆಯ ಮೊಗಸಾಲೆ, ಒಂದು ಹಸಿರು ಬೆಂಚು, ಕಿರುಗುಟ್ಟುವ ತೂಕದ ಯಂತ್ರ. ಅಲ್ಲಿ ಈ ಟ್ರಯಲ್ ನೋಡಿಕೊಳ್ಳುವ ಸಿಸ್ಟರ್ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಕೂತಿದ್ದರು. ನಾನು ಕೂರುವ ಮೊದಲೇ ಬಾಯಿ ಬಿಟ್ಟೆ.

"ಏನ್ ಸಿಸ್ಟರ್, ನಮ್ಮೋರೇ ಸಿಕ್ಕಿದ್ರಾ ನಿಮ್ಮ ಪ್ರಯೋಗಕ್ಕೆ? ಇಲಿ ಎಲ್ಲಾ ಖಾಲಿ ಆಯ್ತಾ?"

ಸಿಸ್ಟರ್ ಸಿಟ್ಟಾಗಲಿಲ್ಲ. "ಇಲಿಗೆ ಯಾರಾದ್ರೂ ಒಪ್ಪಿಗೆ ಕೇಳ್ತಾರಾ ಅಕ್ಕಾ?"

"ಇಲ್ಲ."

"ಇಲ್ಲಿ ಕೇಳ್ತೀವಿ. ಕಾಗದ ಓದಿ ಹೇಳ್ತೀವಿ, ಮನೆಗೆ ತಗೊಂಡು ಹೋಗಿ ಯೋಚನೆ ಮಾಡಿ ಅಂತೀವಿ. ಬೇಡ ಅಂದ್ರೆ ಬೇಡ. ನಡುವಲ್ಲಿ ಸಾಕು ಅನ್ನಿಸಿದ್ರೂ ಬಿಟ್ಟು ಹೋಗಬಹುದು. ಈಗ ನಡೀತಿರೋ ಚಿಕಿತ್ಸೆ ಮುಂಚಿನ ಹಾಗೇ ಸಿಗುತ್ತೆ."

"ಏನಾದ್ರೂ ತೊಂದರೆ ಆದ್ರೆ?"

"ಏನೂ ಆಗಲ್ಲ ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ. ಇದಕ್ಕೆ ಮುಂಚೆ ಸ್ವಲ್ಪ ಜನರ ಮೇಲೆ ನೋಡಿದ್ದಾರೆ, ದೊಡ್ಡ ಅಪಾಯ ಕಂಡಿಲ್ಲ. ಆದ್ರೂ ತಲೆನೋವು, ವಾಕರಿಕೆ, ತುರಿಕೆ ಬರಬಹುದು. ಗೊತ್ತಿಲ್ಲದ್ದೂ ಬರಬಹುದು. ಅದಕ್ಕೇ ಪದೇ ಪದೇ ರಕ್ತ ನೋಡ್ತೀವಿ. ಟ್ರಯಲ್‌ನಿಂದ ಕೆಡುಕಾದ್ರೆ ಚಿಕಿತ್ಸೆ, ಪರಿಹಾರ ಯಾರ ಜವಾಬ್ದಾರಿ ಅಂತ ಆರನೇ ಪುಟದಲ್ಲಿದೆ. ನಾವು ಸರಿಯಾಗಿ ನಡ್ಕೋತೀವಾ ಅಂತ ನೋಡೋಕೆ ನೀತಿ ಸಮಿತಿ ಇದೆ. ಅವರ ಫೋನ್ ನಂಬರೂ ಅಲ್ಲೇ ಇದೆ. ನಮ್ಮ ಮೇಲೆ ದೂರು ಹೇಳಬಹುದು."

ನಾನು ಕೊನೆಯದೊಂದು ಪ್ರಶ್ನೆ ಇಟ್ಟೆ. "ಬೆಕ್ಕಿನ ಕೊರಳಿಗೆ ಗಂಟೆ ಕಟ್ಟೋಕೆ ನನ್ನ ತಮ್ಮನೇ ಆಗಬೇಕಾ?"

ಸಿಸ್ಟರ್ ನನ್ನ ಪಕ್ಕ ಬಂದು ಬೆಂಚಿನ ಮೇಲೆ ಕೂತರು. "ಹನ್ನೊಂದು ವರ್ಷದ ಹಿಂದೆ ನಿಮ್ಮ ತಮ್ಮನ್ನ ಎಬ್ಬಿಸಿ ನಿಲ್ಲಿಸಿತಲ್ಲ, ಆ ಮಾತ್ರೆ. ಅದೂ ಒಂದು ಕಾಲದಲ್ಲಿ ಇಂಥದೇ ಟ್ರಯಲ್‌ನಲ್ಲಿ, ಹೆಸರಿಲ್ಲದೆ ಬರೀ ನಂಬರಿರೋ ಡಬ್ಬಿಲಿ ಇತ್ತು ಅಕ್ಕಾ. ಯಾರೋ ಒಬ್ರು ಮೊದಲು ನುಂಗಿದ್ರು."

ಆ ಯಾರೋ ಒಬ್ಬರಿಗೂ ಒಬ್ಬಳು ಅಕ್ಕ ಇದ್ದಿರಬಹುದು, ಹೀಗೇ ಒಂದು ಬೆಂಚಿನ ಮೇಲೆ ಕೂತು ಜಗಳ ಆಡಿರಬಹುದು ಅನ್ನಿಸಿತು. ನನಗೆ ಅಳು ಬಂತು. ಕಣ್ಣಿಗೆ ಧೂಳು ಅಂದೆ. ಇಷ್ಟಕ್ಕೂ ಒಪ್ಪಿಗೆ ಕೊಡಬೇಕಾದವರು ಅವರಿಬ್ಬರು, ನಾನಲ್ಲ. ಇಬ್ಬರೂ ಕೇಳಬೇಕಾದ್ದೆಲ್ಲ ಕೇಳಿಕೊಂಡು ರುಜು ಹಾಕಿದರು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಇಬ್ಬರಿಗೂ ಒಂದೊಂದು ಬಿಳಿ ಡಬ್ಬಿ ಸಿಕ್ಕಿತು. ಹಳೆಯ ಮಾತ್ರೆಯ ಬದಲು ಇನ್ನು ದಿನಾ ಇದರಿಂದ ಒಂದು. ಕೆಲವರ ಡಬ್ಬಿಯಲ್ಲಿ ಹಳೆಯ ಔಷಧಿ, ಕೆಲವರದರಲ್ಲಿ ಹೊಸದು. ನೋಡಲು ಒಂದೇ ತರಹ. ಯಾರಿಗೆ ಯಾವುದು ಅಂತ ಆರಿಸಿದ್ದು ಕಂಪ್ಯೂಟರ್. ಡಾಕ್ಟರಿಗೂ ಸಿಸ್ಟರಿಗೂ ಗೊತ್ತಿಲ್ಲ.

"ಗೊತ್ತಿದ್ರೆ ನಮ್ಮ ಕಣ್ಣು ಒಂದು ಕಡೆಗೆ ವಾಲುತ್ತೆ," ಅಂದರು ಸಿಸ್ಟರ್. "ತುರ್ತು ಬಂದ್ರೆ ಯಾರಿಗೆ ಯಾವುದು ಅಂತ ತಕ್ಷಣ ತೆಗೆದು ನೋಡೋ ದಾರಿ ಇದೆ. ಅವರವರ ಡಬ್ಬಿ ಅವರವರಿಗೇ. ಅದನ್ನ ಮಾತ್ರ ಮರೀಬೇಡಿ."

ಡಬ್ಬಿಯ ಮೇಲಿನ ನಂಬರು ಇರುವೆ ಸಾಲಿನಷ್ಟು ಸಣ್ಣದು. ಕನ್ನಡಕ ಹುಡುಕುವ ಕಷ್ಟ ಬೇಡ ಅಂತ ತಮ್ಮ ಅಂಗಡಿಯ ಪದ್ಧತಿಯಲ್ಲೇ ತನ್ನದಕ್ಕೆ ಕೆಂಪು ದಾರದ ಗುರುತು, ಗುಬ್ಬಿಯದಕ್ಕೆ ನೀಲಿ ದಾರದ ಗುರುತು ಕಟ್ಟಿ, ಇಸ್ತ್ರಿ ಮೇಜಿನ ಮೇಲಿನ ಹಲಗೆಯಲ್ಲಿಟ್ಟ. ದಿನಾ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಒಟ್ಟಿಗೆ ನುಂಗುತ್ತಿದ್ದರು.

ಎಲ್ಲಾ ಸರಿಯಾಗಿತ್ತು, ನನ್ನ ಬಾಯಿ ಬಿಟ್ಟು. ಬೆಡ್‌ಶೀಟ್ ಮಡಚುವಾಗ ತಮ್ಮನಿಗೆ ಅಂದೆ: "ಹೊಸದು ಗುಬ್ಬಿ ಡಬ್ಬಿಲೇ ಇದೆ ಕಣೋ. ಪಾಪ, ಅಷ್ಟು ಚಿಕ್ಕ ದೇಹ, ಹೇಗೆ ತಡೆಯುತ್ತೋ." ತೊಟ್ಟಿಯ ಹತ್ತಿರ ಗುಬ್ಬಿಗೆ ಅಂದೆ: "ಹೊಸದು ತಮ್ಮನಿಗೇ ಬಂದಿರಬೇಕು ಕಣೇ. ಮುಖ ನೋಡು, ಹೇಗೆ ಬಾಡಿದೆ." ಎರಡಕ್ಕೂ ಆಧಾರವಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ನೋಡಿ ನಗುತ್ತೇವೆ. ಇಲ್ಲಿ ಎತ್ತು ಈಯಿತು ಅಂದವಳೇ ನಾನು.

ಒಂದು ಗುರುವಾರ ಬೆಳಿಗ್ಗೆ ಏಳಕ್ಕೆ ಕೆಳಗಿಳಿದು ಬಂದೆ. ಗುಬ್ಬಿ ಸ್ಟೂಲಿನ ಮೇಲೆ ನಿಂತು ಡಬ್ಬಿಗಳಿಗೆ ದಾರ ಕಟ್ಟುತ್ತಿದ್ದಳು.

"ಏನೇ ಮಾಡ್ತಿದೀಯ?"

ಅವಳು ಬೆಚ್ಚಿದಳು. ಆಮೇಲೆ ಅಲ್ಲೇ ನಿಂತು ಅಳಲು ಶುರು ಮಾಡಿದಳು. "ಅಕ್ಕಾ, ಹೊಸದು ಅವರಿಗೇ ಬಂದಿದೆ ಅಂದ್ರಲ್ಲ. ಏನಾದ್ರೂ ಆಗೋದಿದ್ರೆ ನನಗಾಗಲಿ. ಈಗಷ್ಟೇ ಕೆಂಪುದು ನೀಲಿದು ಬದಲಾಯಿಸಿದೆ."

ಮೆಟ್ಟಿಲ ಮೇಲೆ ಮೂಟೆ ಬಿದ್ದ ಸದ್ದಾಯಿತು. ತಮ್ಮ ಅಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದ. "ಅಯ್ಯೋ ಗುಬ್ಬೀ! ಸೋಮವಾರ ಬೆಳಿಗ್ಗೆಯೇ ನಾನು ಬದಲಾಯಿಸಿದ್ನಲ್ಲೇ!"

"ನೀವಾ? ನೀವು ಯಾಕ್ರೀ ಬದಲಾಯಿಸಿದ್ರಿ?"

"ನೀನು ಯಾಕೆ ಬದಲಾಯಿಸಿದೆಯೋ ಅದಕ್ಕೇ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಗುಬ್ಬಿ ನಕ್ಕಳು, ಆಮೇಲೆ ತಮ್ಮ. ಕನ್ನಡಕ ತಂದು ಡಬ್ಬಿಯ ನಂಬರನ್ನು ಆಸ್ಪತ್ರೆಯ ಚೀಟಿಯ ಜೊತೆ ಹೋಲಿಸಿ ನೋಡಿದೆವು. ಎರಡು ಸಲ ಬದಲಾಗಿ, ಈಗ ಅವನ ಡಬ್ಬಿಗೇ ಕೆಂಪು, ಅವಳದಕ್ಕೇ ನೀಲಿ. ಆದರೆ ಸೋಮವಾರ, ಮಂಗಳವಾರ, ಬುಧವಾರ, ಮೂರು ದಿನ ಅವನ ಮಾತ್ರೆ ಅವಳು, ಅವಳ ಮಾತ್ರೆ ಅವನು ನುಂಗಿದ್ದರು.

"ಸದ್ಯ, ಸರಿಯಾಯ್ತಲ್ಲ," ಅಂದೆ ನಾನು. "ಎಲ್ಲರೂ ಬಾಯಿ ಮುಚ್ಕೊಂಡಿರಿ. ಮೂರು ದಿನ ತಾನೇ."

"ಹೌದು, ಹೇಳಿದ್ರೆ ಇಬ್ಬರನ್ನೂ ಹೊರಗೆ ಹಾಕ್ತಾರೆ," ಅಂದ ತಮ್ಮ, ಮೊಣಕೈ ಕೆರೆದುಕೊಳ್ಳುತ್ತಾ.

"ಅದೇನೋ ಅದು?"

"ಮಂಗಳವಾರದಿಂದ ತುರಿಕೆ. ಏನಿಲ್ಲ ಬಿಡು."

ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೆ, ಮೊಣಕೈವರೆಗೆ ಕೆಂಪಾಗಿತ್ತು. ಗುಬ್ಬಿ ಕಣ್ಣೊರೆಸಿಕೊಂಡು ನನ್ನ ಮುಂದೆ ಬಂದು ನಿಂತಳು. "ಅಕ್ಕಾ, ಗುರುತು ತಪ್ಪಿದ್ರೆ ಅವತ್ತೇ ಹೇಳಬೇಕು ಅನ್ನೋದು ಯಾರ ಕಾನೂನು?"

ನಾನೇ ಫೋನ್ ತೆಗೆದುಕೊಂಡೆ. ಸಿಸ್ಟರ್ ಪೂರ್ತಿ ಕೇಳಿಸಿಕೊಂಡು, ಡಾಕ್ಟರನ್ನು ವಿಚಾರಿಸಿ ಮತ್ತೆ ಫೋನ್ ಮಾಡಿದರು: "ಮಾತ್ರೆ ತಪ್ಪಿಸಬೇಡಿ. ನಂಬರ್ ಓದಿ ಅವರವರದೇ ನುಂಗಲಿ. ಎರಡೂ ಡಬ್ಬಿ ತಗೊಂಡು ಈಗಲೇ ಬನ್ನಿ."

ಡಾಕ್ಟರ್ ತಮ್ಮನ ಕೈ ನೋಡಿದರು, ಇಬ್ಬರ ರಕ್ತ ತೆಗೆಸಿದರು, ಎಲ್ಲವನ್ನೂ ಬರೆದುಕೊಂಡರು.

"ತಪ್ಪು ಇವರದಲ್ಲ ಡಾಕ್ಟ್ರೇ," ಅಂದೆ. "ನನ್ನ ಬಾಯಿದು."

"ತಪ್ಪು ಸಣ್ಣದಲ್ಲ," ಅಂದರು ಅವರು. "ಒಬ್ಬರಿಗೆ ಆಗೋ ಔಷಧಿ ಇನ್ನೊಬ್ಬರಿಗೆ ಅಪಾಯ ಆಗಬಹುದು. ಗಂಡ ಹೆಂಡತಿ ಆದ್ರೂ ಅಷ್ಟೇ. ಈಗ ನೀವೇ ಹೇಳಿ, ನೀವು ಮುಚ್ಚಿಟ್ಟಿದ್ರೆ ಈ ತುರಿಕೆನ ನಾವು ಯಾವ ಡಬ್ಬಿ ಹೆಸರಲ್ಲಿ ಬರೀತಿದ್ವಿ?"

"ತಮ್ಮನ ಡಬ್ಬಿ."

"ಅವರು ನುಂಗಿದ್ದು?"

"ಗುಬ್ಬಿದು."

ಒಬ್ಬರ ಅಂಗಿಯ ಕಲೆ ಇನ್ನೊಬ್ಬರ ಗಂಟಿನಲ್ಲಿ! ನನಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥವಾಗಬೇಕು?

"ಒಳ್ಳೇ ಔಷಧಿಗೆ ಕೆಟ್ಟ ಹೆಸರು ಬರುತ್ತೆ, ಇಲ್ಲಾ ಕೆಟ್ಟದಕ್ಕೆ ಒಳ್ಳೇ ಹೆಸರು," ಅಂದರು ಡಾಕ್ಟರ್. "ಆ ತಪ್ಪು ಈ ಕೋಣೆಲೇ ಉಳಿಯಲ್ಲ. ಮುಂದೆ ಈ ಮಾತ್ರೆ ನುಂಗೋರಿಗೆಲ್ಲ ಹೋಗುತ್ತೆ. ಹೇಳಿದ್ದು ಒಳ್ಳೇದಾಯ್ತು."

ಅವರು ನೀತಿ ಸಮಿತಿಗೆ ಬರೆದರು. ಹತ್ತು ದಿನ ಕಾದೆವು. ಆ ಹತ್ತು ದಿನದಲ್ಲಿ ನಾನು ಎರಡು ಅಂಗಿಗೆ ತಪ್ಪು ಗುರುತು ಕಟ್ಟಿದೆ, ಹೊರಗೆ ಹೋಗುವ ಮೊದಲೇ ಗುಬ್ಬಿ ಹಿಡಿದಳು. ಹನ್ನೊಂದನೇ ದಿನ ಸಿಸ್ಟರ್ ಫೋನ್ ಬಂತು. ಇಬ್ಬರ ರಕ್ತದಲ್ಲೂ ವೈರಸ್ಸು ಮೊದಲಿನ ಹಾಗೇ ಸಿಗದಷ್ಟು ಕಡಿಮೆ. ಮೂತ್ರಪಿಂಡ ಚೆನ್ನಾಗಿದೆ. ಇಷ್ಟವಿದ್ದರೆ ಮುಂದುವರಿಯಬಹುದು ಅಂತ ಸಮಿತಿ ಹೇಳಿದೆ.

"ತುರಿಕೆ?" ಅಂದೆ.

"ಮೊಣಕೈವರೆಗೆ ಮಾತ್ರ ಇದೆಯಲ್ಲ ಅಕ್ಕಾ. ಡಾಕ್ಟ್ರು ಕೇಳ್ತಿದ್ರು, ಸೋಪಿನ ಪುಡಿ ಏನಾದ್ರೂ ಬದಲಾಯಿಸಿದ್ರಾ ಅಂತ."

ಬದಲಾಯಿಸಿದ್ದೆ, ಆ ಸೋಮವಾರವೇ. ಹಳೆಯ ಪುಡಿಗೆ ಮರಳಿದ ಮೇಲೆ ತುರಿಕೆ ನಿಂತಿತು. ತಮ್ಮ ಇವತ್ತಿಗೂ ಅದನ್ನು ಹೇಳಿ ನನ್ನ ಕಾಲೆಳೆಯುತ್ತಾನೆ. ಇಬ್ಬರೂ ಟ್ರಯಲ್‌ನಲ್ಲಿ ಉಳಿದರು. ಡಬ್ಬಿಗಳು ಈಗ ಬೇರೆ ಬೇರೆ ಹಲಗೆಯಲ್ಲಿವೆ, ಅಂಗೈಯಗಲದ ಅಂಕಿ ಅಂಟಿಸಿಕೊಂಡು.

ನನಗೂ ಒಂದು ಕೆಲಸ ಬಂತು. ಟ್ರಯಲ್ ಶುರುವಾಗುವ ಮೊದಲು ಅದರ ಕಾಗದ ಜನಸಾಮಾನ್ಯರಿಗೆ ಅರ್ಥವಾಗುತ್ತದೆಯೇ ಅಂತ ನೋಡಲು ಆಸ್ಪತ್ರೆಯಲ್ಲಿ ನಮ್ಮಂಥವರ ಒಂದು ಗುಂಪಿದೆ. "ನಿಮ್ಮಂಥ ಅನುಮಾನದವರೇ ಬೇಕು," ಅಂತ ಸಿಸ್ಟರ್ ಕರೆದರು. ಮೊದಲ ದಿನವೇ ಹದಿನೇಳು ಪ್ರಶ್ನೆ ಕೇಳಿದೆ. ಎರಡು ಪುಟ ಮತ್ತೆ ಬರೆದರು. ಮುಂದಿನದು ಒಂದು ಲಸಿಕೆಯ ಟ್ರಯಲ್. ಬೇರೆಯವರಲ್ಲಿ ಕೆಲಸ ಮಾಡುವ ಲಸಿಕೆ ಎಚ್‌ಐವಿ ಇರುವವರಲ್ಲೂ ಅಷ್ಟೇ ಕೆಲಸ ಮಾಡುತ್ತದೆಯೇ ಅಂತ ನೋಡಲು. ಅದಕ್ಕೂ ಪ್ರಶ್ನೆ ಜೋಡಿಸಿಟ್ಟಿದ್ದೇನೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮಗೋ ನಿಮ್ಮ ಮನೆಯವರಿಗೋ ಎಚ್‌ಐವಿ ಇದ್ದು, ಟ್ರಯಲ್ ಸೇರುತ್ತೀರಾ ಅಂತ ಯಾರಾದರೂ ಕೇಳಿದರೆ ನನ್ನ ಹಾಗೆ ಇಲಿ ಗಿಲಿ ಅಂತ ಕೂಗಾಡಬೇಡಿ. ಕಣ್ಣು ಮುಚ್ಚಿ ರುಜುವನ್ನೂ ಹಾಕಬೇಡಿ. ನೀತಿ ಸಮಿತಿ ಒಪ್ಪಿದೆಯಾ, ಕೆಡುಕಾದರೆ ಯಾರು ನೋಡಿಕೊಳ್ಳುತ್ತಾರೆ, ನಡುವೆ ಬಿಡಬಹುದಾ, ನನ್ನ ವಿಷಯ ಗುಟ್ಟಾಗಿರುತ್ತದಾ ಅಂತ ಕೇಳಿ. ಉತ್ತರ ಸರಿ ಕಾಣದಿದ್ದರೆ ಬೇಡ ಅನ್ನಿ, ಯಾರ ಹಂಗೂ ಇಲ್ಲ. ಡಾಕ್ಟರು ಹೇಳದೆ ದಿನದ ಮಾತ್ರೆ ಮಾತ್ರ ಎಂದೂ ನಿಲ್ಲಿಸಬೇಡಿ. ಸೇರಿದರೆ ನಿಮ್ಮ ಡಬ್ಬಿ ನಿಮಗೇ, ಎಷ್ಟೇ ಪ್ರೀತಿ ಇದ್ದರೂ. ತಪ್ಪಾದರೆ ಅವತ್ತೇ ಹೇಳಿ.

ಹೊಸದು ಯಾರ ಡಬ್ಬಿಯಲ್ಲಿದೆ ಅಂತ ನಮಗಿನ್ನೂ ಗೊತ್ತಿಲ್ಲ, ನಾನೂ ಈಗ ಕೇಳುವುದಿಲ್ಲ. ತಮ್ಮ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಾ ಹಾಡುತ್ತಿದ್ದಾನೆ, ಅದೇ ಕೆಟ್ಟ ಹಾಡು. ಎಲ್ಲೋ ಒಬ್ಬಳು ಅಕ್ಕ ನಾಳೆ ತನ್ನ ತಮ್ಮನನ್ನು ಹೊತ್ತು ಮೆಟ್ಟಿಲು ಇಳಿಸುತ್ತಾಳೆ. ಅವಳ ಕೈಗೆ ಸರಿಯಾದ ಮಾತ್ರೆ ಸಿಗಬೇಕಾದರೆ ಇವತ್ತು ನಮ್ಮಂಥವರು ನಿಜ ಹೇಳಿರಬೇಕು.