ಬೆಳ್ಳಿ ಕಡಗದ ಸಪ್ಪಳ

ಖಣ್ ಎಂದಿತು, ಬೆಳ್ಳಿಯ ಮೇಲೆ ಬೆಳ್ಳಿ ಸರಿದ ಸಪ್ಪಳ, ಆಮೇಲೆ ದೂರದಲ್ಲೆಲ್ಲೋ ಒಂದು ಕುರಿಮರಿ ಅರಚಿದ್ದು, ಆಮೇಲೆ ಏನೂ ಇಲ್ಲ — ಮತ್ತೊಮ್ಮಿ ಹಚ್ಚರಿ ಅಕ್ಕೋರೆ, ಎಂದ ಅಶೋಕಕುಮಾರ, ಬಾವಿಯ ಇತಿಹಾಸ ಬರೆಸುತ್ತಿರುವ ಬಾವಿ ಸಮಿತಿಯ ಅಧ್ಯಕ್ಷ, ಅಂಜನಾಬಾಯಿ ರೆಕಾರ್ಡರಿನ ಗುಂಡಿಯನ್ನು ಮತ್ತೆ ಒತ್ತಿದಳು. ಭಾಲ್ಕಿಯ ಈ ಕೋಣೆಯಲ್ಲಿ ಫ್ಯಾನು ಕಿರುಗುಡುತ್ತಿದೆ, ಹೊರಗೆ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಗುತ್ತಿದೆ, ಅದರ ನಡುವೆ ಅವಳದೇ ದನಿ, ಮಕ್ಕಳಿಗೆ ಪಾಠ ಒಪ್ಪಿಸಲು ಹೇಳುವಂಥ ದನಿ, ಈ ಬಾವಿ ತೋಡಿದವರು ಯಾರು ಯವ್ವ, ಮತ್ತು ಸಾಯಗಾಂವದ ಆಚೆಯ ಕುರಿಹಟ್ಟಿಯ ಕೇಶರಬಾಯಿಯ ದನಿ, ಮತ್ತ್ಯಾರು, ಇವರೇ, ಕುರಿ ನನ್ನ ಕೈಯಾಗ ಕೊಟ್ಟು ಬ್ಯಾಸಿಗಿ ತುಂಬ ಇವರು ಕಲ್ಲು ಒಡದಾರ, ಇವರು ಅಂದ್ರ ಯಾರು ಯವ್ವ — ಖಣ್. ಇವರು ಅಂದ್ರ ಯಾರ್ರಿ ಅಕ್ಕೋರೆ, ಅಶೋಕಕುಮಾರ ನಗುತ್ತಾನೆ, ನಮ್ಮಜ್ಜನೂ ಇವರೇ, ನಿಮ್ಮಜ್ಜನೂ ಇವರೇ, ಹೆಸರಿಲ್ಲದ್ದು ಇತಿಹಾಸ ಹ್ಯಾಂಗ ಆಗ್ತದ, ಪಕ್ಕದ ಕುರ್ಚಿಯಿಂದ ಸದಸ್ಯ ಹಾವಗೆಪ್ಪ ಸೇರಿಸಿದ, ಅಕ್ಕೋರು ಹಾಜರಿ ಕರದಾರ, ಹುಡುಗ ಎಸ್ ಅಂದೇ ಇಲ್ಲ, ಇಬ್ಬರೂ ನಕ್ಕರು, ನಗಲಿ. ನಮ್ಮಜ್ಜ ತೋಡಿಸ್ಯಾರಂತ ಬರೀರಿ, ಎಂದ ಅಶೋಕಕುಮಾರ, ಬಾವಿ ಕಲ್ಲಿನ ಮ್ಯಾಲೂ ಅದೇ ಕೆತ್ತಸ್ತೇವಿ, ಪುಸ್ತಕದ ಮ್ಯಾಲ ನಿಮ್ಮ ಹೆಸರು ದೊಡ್ಡದಾಗಿ ಹಾಕಸ್ತೇನಿ.

ಹೆಸರು. ಅಂಜನಾಬಾಯಿಯ ಮೊದಲ ಪುಸ್ತಕ ಅದು. ಸಾಲೆಯ ನೌಕರಿ ಮುಗಿದ ಮೇಲೆ ಹಿಡಿದ ಕೆಲಸ, ಊರೂರು ತಿರುಗಿ ಮುದುಕರ ಮಾತು ಹಿಡಿದಿಡುವುದು, ಗುಡಿಗಿ ಹೋಗಿ ಕೂಡೋ ವಯಸ್ಸಿನ್ಯಾಗ ಹಟ್ಟಿ ಹಟ್ಟಿ ಅಲೀತೀರಲ್ಲ ವೈನಿ ಎಂದಿದ್ದ ಬೀದರಿನ ಮೈದುನ, ಹಟ್ಟಿಯೊಳಗೂ ನಮ್ಮ ದೇವರು ಮಲ್ಲಣ್ಣನೇ ಕೂತಾನ ತಗೋ ಎಂದಿದ್ದಳು, ಪ್ರತಿ ಸಲ ಯಂತ್ರಕ್ಕೆ ಚಿಟಿಕೆ ಭಂಡಾರದ ಅರಿಶಿನ ಹಚ್ಚಿಯೇ ಅವಳು ಮಾತು ಶುರು ಮಾಡುವುದು. ಔರಾದಿನವರು ತಮ್ಮ ಸಾಲೆಯ ಕಥೆ ಬರೆಸಬೇಕೆಂದಿದ್ದಾರೆ, ಆದರೆ ಭಾಲ್ಕಿ ಪುಸ್ತಕ ಮೊದಲು ಬರ್ಲಿ, ನೋಡೂಣು ಎಂದಿದ್ದಾರೆ, ಇದು ಹೋದರೆ ಅದೂ ಹೋಯಿತು, ಬಾಗಿಲಿಗೆ ಬಂದ ಬದುಕು ಹೊಸ್ತಿಲಲ್ಲೇ ತಿರುಗಿ ಹೋಯಿತು. ಈ ಯಂತ್ರ ಅವಳ ಯಜಮಾನರೇ ಕೊಡಿಸಿದ್ದು, ಬೀದರಿನ ಚೌಬಾರದ ಹತ್ತಿರದ ಅಂಗಡಿಯಲ್ಲಿ, ಮೊದಲು ನನ್ನ ಮಾತು ಹಿಡಿ ನೋಡೂಣು ಎಂದು ಕೆಮ್ಮಿ ನಕ್ಕಿದ್ದರು, ಅವರು ಹೋದರೂ ಆ ಕೆಮ್ಮು ಇನ್ನೂ ಇದರೊಳಗಿದೆ, ಹೋದ ವರ್ಷ ಆಸ್ಪತ್ರೆಯ ಚೀಟಿಯ ಕಿಂಡಿಯಲ್ಲಿ ಪೇಶಂಟ್ ಹೆಸರೇನ್ರಿ ಎಂದು ಕೇಳಿದರೆ ಈ ಹೆಡ್‌ಮಾಸ್ತರಬಾಯಿಗೆ ನಾಲಿಗೆ ಏಳಲಿಲ್ಲ, ಅಂಗೈ ಮೇಲೆ ಪೆನ್ನಿನಿಂದ ಬರೆದು ತೋರಿಸಿದಳು, ಕಿಂಡಿಯ ಹುಡುಗಿ ನಕ್ಕಳು, ಜನ್ಮವಿಡೀ ಏನ್ರಿ, ಕೇಳ್ರಿ, ಬರ್ರಿ, ಅಷ್ಟೇ, ಆ ಹೆಸರು ಬಾಯಿಗೆ ಬಂದದ್ದಿಲ್ಲ — ಹಾಗಿದ್ದವಳು ಕೇಶರಬಾಯಿಗೆ ಗಂಡನ ಹೆಸರು ಬಾಯಿಬಿಟ್ಟು ಹೇಳು ಎಂದು ಹೇಗೆ ಒತ್ತಾಯ ಮಾಡಿಯಾಳು. ಆವತ್ತು ಹಟ್ಟಿಯಲ್ಲಿ ಕೇಶರಬಾಯಿ ಸೀರೆಯ ಸೆರಗು ಹಲ್ಲಲ್ಲಿ ಕಚ್ಚಿ ಕಡಗಗಳನ್ನು ಮೊಣಕೈ ಕಡೆ ಸರಿಸಿದಳು, ಖಣ್, ಮುಂಗೈ ಚಾಚಿದಳು, ಸುಕ್ಕುಗಟ್ಟಿದ ಚರ್ಮದ ಮೇಲೆ ಹಸಿರು ಹಚ್ಚೆ, ನರಸಿಂಗ. ಅಂಜನಾಬಾಯಿ ಮನಸ್ಸಿನಲ್ಲೇ ಓದಿ ತಲೆಯಾಡಿಸಿದಳು, ಗಟ್ಟಿಯಾಗಿ ಓದಿದ್ದರೆ ಯಂತ್ರ ಹಿಡಿಯುತ್ತಿತ್ತು, ಓದಲಿಲ್ಲ, ಆಕೆಯ ಎದುರಿಗೆ ಅದನ್ನು ಆಡಿಬಿಡುವುದು ಸರಿಯಲ್ಲವೆನಿಸಿತ್ತು, ಹೋದ ತಿಂಗಳು ಕೇಶರಬಾಯಿಯನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು, ಆ ಕೈ ಈಗ ಮಣ್ಣೊಳಗಿದೆ.

ಏನ್ ವಿಚಾರ ಮಾಡ್ತೀರಿ, ಎಂದ ಅಶೋಕಕುಮಾರ, ಚಾ ಆರ್ತದ. ಆಕಿ ಕೈಮ್ಯಾಲಿನ ಹೆಸರು ನಾ ನೋಡೇನಿ, ಎಂದಳು ಅಂಜನಾಬಾಯಿ, ನರಸಿಂಗ ಅಂತದ. ಯಾರು ಸಾಕ್ಷಿ? ನಾನೇ ಸಾಕ್ಷಿ. ಕೋರ್ಟಿನ್ಯಾಗ ನಡ್ಯಾಂಗಿಲ್ಲರಿ ಅಕ್ಕೋರೆ, ಹೆಂಡತಿನೇ ಹೆಸರು ಹೇಳಿಲ್ಲ. ಮಲ್ಲಣ್ಣಾ, ಎಂದಿತು ಒಳಗೆ ಯಾವುದೋ ದನಿ, ಅವಳು ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ ಗೊತ್ತಿಲ್ಲ — ನಮ್ಮ ಮನಿಯವರ ಹೆಸರು ಧೊಂಡಿಬಾ. ಹಾವಗೆಪ್ಪ ಕಪ್ಪು ಕೆಳಗಿಟ್ಟ. ಧೊಂಡಿಬಾ ಅಂತ್ರಿ. ಲಗ್ನ ಆದಾಗಿಂದ ಇವತ್ತಿನ ತನಕ ನಾ ಬಾಯಿಲೆ ಅಂದಿಲ್ಲ, ಅಂದಿಲ್ಲಂದ್ರ ಅವರು ಇರಲೇ ಇಲ್ಲೇನ್ರಿ? ನನ್ನ ಸಂಗಟ ಬಾಳೇ ಮಾಡಿಲ್ಲೇನ್ರಿ? ಅಶೋಕಕುಮಾರ ಮುಖ ಕೆಳಗೆ ಹಾಕಿದ, ಆಮೇಲೆ ಮೆಲ್ಲಗೆ, ಹಂಗಾದ್ರ ಪುಸ್ತಕ ನಮ್ಮಿಂದ ಆಗಾಂಗಿಲ್ಲರಿ. ಆಗದಿದ್ರ ಬಿಡ್ರಿ, ನರಸಿಂಗ ತೋಡ್ಯಾನಂತ ಬರೀತೇನಿ, ಯಾರೂ ಛಾಪಸಲಿಲ್ಲಂದ್ರ ಬಾವಿ ಕಟ್ಟಿ ಮ್ಯಾಲ ಕೂತು ನೀರಿಗಿ ಬಂದವರಿಗೆಲ್ಲ ಹೇಳ್ತೇನಿ, ನನಗ ಇನ್ನ ಬಾಯಿ ಅದ.

ಬಸ್ ಸ್ಟ್ಯಾಂಡು, ಬಿಸಿಲು, ಔರಾದಿಗೆ ಹೋಗಿ ಭಾಲ್ಕಿ ಪುಸ್ತಕ ಬರುವುದಿಲ್ಲ ಎಂದು ತಾನೇ ಹೇಳಬೇಕು, ಕೊಟ್ಟರೆ ಕೊಡಲಿ ಬಿಟ್ಟರೆ ಬಿಡಲಿ, ನಾಲಿಗೆಯ ತುದಿಯಲ್ಲಿ ಆ ಹೆಸರು ಇನ್ನೂ ಬೆಚ್ಚಗಿದೆ, ಧೊಂಡಿಬಾ, ಕೇಳಿದಿರೇನ್ರಿ, ಅಂದೆನಲ್ಲ, ಚೀಲದೊಳಗೆ ಯಂತ್ರ, ಯಂತ್ರದೊಳಗೆ ಕೆಮ್ಮು, ಕುರಿಮರಿಯ ಕೂಗು, ಖಣ್, ಚಾಚಿದ ಮುಂಗೈ, ಮೇಲಕ್ಕೆ ಸರಿದ ಕಡಗ, ಹಸಿರು ಅಕ್ಷರ, ಮಣ್ಣು, ಮಣ್ಣೊಳಗೆ ಚಾಚಿಯೇ ಇರುವ ಕೈ, ಹಸಿರು ಅಕ್ಷರ —