ಶನಿವಾರದ ನಾಲ್ಕು ಗಂಟೆ

ಮಗಳಿಗೆ ಒಂದು ಜಡೆ ಹೆಣೆದಾಗಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಎಳೆ ಮಾಡಿ ಹಿಡಿದಿದ್ದಳು, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರಿಂದ "ಹಲೋ" ಎನ್ನಲೂ ಆಗಲಿಲ್ಲ.

"ಮೇಡಂ, ನಿಮ್ಮ ಬಡ್ತಿ ಫೈಲು ವಾಪಸ್ ಬಂದಿದೆ," ಎಂದ ಭೂಗೋಳ ವಿಭಾಗದ ಗುಮಾಸ್ತ. "ಪಾಠದ ಗಂಟೆ ಕಮ್ಮಿ ಬೀಳ್ತಿದೆಯಂತೆ. ಹನ್ನೊಂದಕ್ಕೆಲ್ಲಾ ಮೇಲಿನ ಆಫೀಸಿಗೆ ಕಳಿಸ್ಬೇಕು. ಬೇಗ ಬಂದ್ಬಿಡಿ."

ಕೈಯಲ್ಲಿದ್ದ ಕೂದಲು ಜಾರಿತು. ಮಗಳು ತಿರುಗಿ ನೋಡಿದಳು.

ಗಂಡ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದವನು ಬಾಗಿಲಲ್ಲಿ ಕೂತು ಶೂ ಬಿಚ್ಚುತ್ತಿದ್ದ. "ಏನಂತೆ? ನಿನ್ನ ಫೈಲು ಇನ್ನೂ ಐಸಿಯುನಲ್ಲೇ ಇದೆಯಾ, ವಾರ್ಡಿಗಾದ್ರೂ ತಂದ್ರಾ?"

"ತಮಾಷೆ ಬೇಡ, ಮಾರಾಯ. ಗಂಟೆ ಸಾಲದಂತೆ."

"ನಿನಗಾ? ಮನೇಲಿ ಇರೋದಕ್ಕಿಂತ ಅಲ್ಲೇ ಜಾಸ್ತಿ ಇರ್ತೀಯಲ್ಲೇ!"

ಅವಳು ಎರಡನೆಯ ಜಡೆಯನ್ನು ಹೇಗೋ ಸುತ್ತಿ ಕಟ್ಟಿದಳು. ಆರು ವರ್ಷದೊಳಗೆ ಬಡ್ತಿ ಸಿಗದಿದ್ದರೆ ಆ ವಿಶ್ವವಿದ್ಯಾಲಯದಲ್ಲಿ ಕೆಲಸವೂ ಉಳಿಯುವುದಿಲ್ಲ. ಅವಳ ಆರನೆಯ ವರ್ಷ ತುಂಬಲು ಇನ್ನು ಹನ್ನೆರಡು ದಿನವಿತ್ತು. ಪ್ರಬಂಧಗಳು ಬೇಕಾದಷ್ಟಿದ್ದವು, ವಿದ್ಯಾರ್ಥಿಗಳ ಅಭಿಪ್ರಾಯವೂ ಚೆನ್ನಾಗಿತ್ತು. ವಾರಕ್ಕೆ ಹದಿನಾರು ಗಂಟೆ ಪಾಠ ಮಾಡಿರಬೇಕು ಎಂಬುದೊಂದೇ ಉಳಿದಿದ್ದ ನಿಯಮ. ಕಾಗದದಲ್ಲಿ ಅವಳದು ಹನ್ನೆರಡು.

ಮಿಕ್ಕ ನಾಲ್ಕು ಗಂಟೆ ಶನಿವಾರದ ನಕ್ಷೆಯ ಪ್ರಾಯೋಗಿಕ ತರಗತಿ. ವೇಳಾಪಟ್ಟಿಯಲ್ಲಿ ಅದು ವಿಭಾಗದ ಮುಖ್ಯಸ್ಥರದು. ನಾಲ್ಕು ವರ್ಷದ ಹಿಂದೆ ಒಂದು ಶನಿವಾರ ಅವರು ರೈಲ್ವೆ ನಿಲ್ದಾಣದಿಂದ ಫೋನು ಮಾಡಿದ್ದರು. "ಇವತ್ತೊಂದಿನ ನನ್ನ ಕ್ಲಾಸು ನೋಡ್ಕೊಳ್ಳಮ್ಮ. ಹಾಜರಿ ನನ್ನ ಹೆಸರಲ್ಲೇ ಬರೆದ್ಬಿಡು, ಆಮೇಲೆ ಸರಿ ಮಾಡೋಣ." ಅವಳ ಮೊದಲ ಪ್ರಬಂಧವನ್ನು ಸಾಲುಸಾಲಾಗಿ ತಿದ್ದಿಕೊಟ್ಟವರು ಅವರು, ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಆ ವಾರ ಕಳೆಯಿತು, ಮುಂದಿನದೂ ಕಳೆಯಿತು. ಅವರಿಗೆ ಒಂದಲ್ಲ ಒಂದು ಸಮಿತಿ, ಒಂದಲ್ಲ ಒಂದು ಊರು. ಹಾಜರಿ ಪುಸ್ತಕದ ಪುಟಪುಟದಲ್ಲೂ ಅವಳ ದುಂಡನೆಯ ಅಕ್ಷರ, ಅವರ ಹೆಸರು.

ಶನಿವಾರ ಮಗಳಿಗೆ ಶಾಲೆಯಿಲ್ಲ, ಮನೆಯಲ್ಲಿ ಅಪ್ಪನಿಗೆ ನಿದ್ದೆ. ಹಾಗಾಗಿ ಮೂರು ವರ್ಷ ತುಂಬಿದಾಗಿನಿಂದ ಅವಳೂ ತಾಯಿಯ ಜೊತೆ ಬರುತ್ತಿದ್ದಳು. ಕೊನೆಯ ಬೆಂಚು ಅವಳದು. ಹರಿದು ಬಿಸಾಡಿದ ಟ್ರೇಸಿಂಗ್ ಹಾಳೆಗಳ ಮೇಲೆ ಗೆರೆ ಎಳೆದು ಎಳೆದು, ನಕ್ಷೆಯಲ್ಲಿ ಎತ್ತರದ ಗೆರೆ ಒತ್ತೊತ್ತಾಗಿ ಬಂದರೆ ಅಲ್ಲಿ ಗುಡ್ಡ ಕಡಿದಾಗಿದೆ ಎಂಬುದನ್ನು ಓದಲು ಬರುವ ಮೊದಲೇ ಕಲಿತಿದ್ದಳು. ಅಮ್ಮ ಹಾಕಿದ್ದ ಕಟ್ಟುಪಾಡು ಒಂದೇ: ವಿಭಾಗದೊಳಗೆ ಏನನ್ನೂ ಕೇಳಬಾರದು. ಏನಿದ್ದರೂ ವಾಪಸ್ ಹೋಗುವಾಗ ಬಸ್ಸಿನಲ್ಲಿ. ಬಸ್ಸು ಹತ್ತಿದ್ದೇ ತಡ, ಅಷ್ಟೂ ಹೊತ್ತು ಕಟ್ಟಿಟ್ಟ ಪ್ರಶ್ನೆಗಳು ಗೋಣಿಚೀಲ ಬಿಚ್ಚಿದಂತೆ ಸುರಿಯುತ್ತಿದ್ದವು.

ಆ ಶನಿವಾರ ತಾಯಿ ಮಗಳು ವಿಭಾಗ ತಲುಪಿದಾಗ ಮುಖ್ಯಸ್ಥರು ಊರಲ್ಲೇ ಇದ್ದರು. ಅದೇ ಒಂದು ಅಪರೂಪ.

"ಬಾಮ್ಮ, ಬಾ. ಓ, ನಮ್ಮ ಪುಟಾಣಿ ಮೇಡಂ ಕೂಡ ಬಂದ್ರಾ!" ಎಂದು ಡ್ರಾಯರಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಕೊಟ್ಟರು. ಮಗಳು ಅದನ್ನು ಇಸಿದುಕೊಂಡು, ತೆರೆಯದೆ ಮಡಿಲಲ್ಲಿಟ್ಟುಕೊಂಡು ಕೂತಳು.

"ಸರ್, ಶನಿವಾರದ ಗಂಟೆಗಳು ನಾನು ಮಾಡಿದ್ದು ಅಂತ ನೀವೊಂದು ಸಾಲು ಬರೆದುಕೊಟ್ರೆ ಸಾಕು."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಬರೆದುಕೊಡೋಕೆ ನನಗೇನು ಕಷ್ಟ? ಆದ್ರೆ ನೀನೇ ಯೋಚನೆ ಮಾಡು. ನಾನು ನಾಲ್ಕು ವರ್ಷ ಸಂಬಳ ತಗೊಂಡು ಕ್ಲಾಸಿಗೇ ಬಂದಿಲ್ಲ ಅಂತ ಕೈಯಾರೆ ಬರೆದುಕೊಟ್ಟ ಹಾಗಾಗಲ್ವಾ? ಎಂಟು ತಿಂಗಳಿಗೆ ನನ್ನ ನಿವೃತ್ತಿ. ಮನೇಲಿ ನಿಮ್ಮ ಆಂಟಿ ಹಾಸಿಗೆ ಹಿಡಿದಿರೋದು ನಿನಗೆ ಗೊತ್ತು."

ಗೊತ್ತಿತ್ತು. ಮಗಳನ್ನು ಕರೆದುಕೊಂಡು ಹೋಗಿ ನೋಡಿಯೂ ಬಂದಿದ್ದಳು. ಅದಕ್ಕೇ ದನಿ ಏರಿಸದೆ ಇನ್ನೊಂದು ದಾರಿ ಹುಡುಕಿದಳು.

"ಹುಡುಗರನ್ನ ಕೇಳಲಿ ಸರ್. ನಾಲ್ಕು ಬ್ಯಾಚು ಹುಡುಗರಿದ್ದಾರೆ."

ಬಾಗಿಲ ಬಳಿ ನಿಂತಿದ್ದ ಗುಮಾಸ್ತ ಕೆಮ್ಮಿದ. ಅವನು ಕೆಟ್ಟವನಲ್ಲ, ಕಾಗದ ಹೇಳಿದಂತೆ ಕೇಳುವವನು ಅಷ್ಟೆ. "ಮೇಡಂ, ತಪ್ಪು ತಿಳ್ಕೋಬೇಡಿ. ವಿಚಾರಣೆ ಅಂತ ಹೋದ್ರೆ ಮೊದ್ಲು ಹಾಜರಿ ಪುಸ್ತಕ ತರಿಸ್ತಾರೆ. ಅದ್ರಲ್ಲಿರೋ ಕೈ ಯಾರ್ದು? ಇನ್ನೊಬ್ರ ಹೆಸರಲ್ಲಿ ಬರೆದಿದ್ಯಾಕೆ ಅಂತ ನಿಮ್ಮನ್ನೇ ಹಿಡ್ಕೋತಾರೆ. ಆಮೇಲೆ ಬೇರೆ ಕಡೆ ಕೆಲಸಕ್ಕೆ ಹೋದ್ರೂ ಅದು ಬೆನ್ನು ಬಿಡಲ್ಲ."

ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಅವಳು ಯಾರ ಮುಖ ನೋಡಬೇಕೆಂದು ತಿಳಿಯದೆ ಗೋಡೆಯ ನಕ್ಷೆಯನ್ನು ನೋಡಿದಳು. ಹೋದ ವರ್ಷದ ಹುಡುಗರಿಂದ ಅವಳೇ ಬರೆಸಿದ ನಕ್ಷೆ. ಒಂದು ನದಿಯನ್ನು ಮೂರು ಸಲ ಅಳಿಸಿ ಬರೆಸಿದ್ದು ನೆನಪಾಯಿತು.

"ಈಗೇನು ಮಾಡ್ಬೇಕು?" ಎಂದಳು.

ಗುಮಾಸ್ತ ಹಾಳೆಯೊಂದನ್ನು ಮೇಜಿನ ಮೇಲಿಟ್ಟ. ಅಷ್ಟು ಹೊತ್ತಿಗೇ ಅಚ್ಚು ಹಾಕಿಟ್ಟಿದ್ದ. "ಈ ಪಟ್ಟಿಯಲ್ಲಿರೋದು ಬಿಟ್ಟು ಬೇರೆ ಪಾಠ ಏನೂ ಮಾಡಿಲ್ಲ ಅಂತ ಒಪ್ಪಿಗೆ. ಸಹಿ ಹಾಕಿದ್ರೆ ಅರ್ಹತೆ ಸಾಲದು ಅಂತ ಫೈಲು ಮುಚ್ತಾರೆ. ನಿಮ್ಮ ಹೆಸರಿಗೆ ಕಲೆ ಇರಲ್ಲ."

"ಮುಂದಿನ ವರ್ಷ ಅತಿಥಿ ಉಪನ್ಯಾಸಕಿ ಅಂತ ತಗೊಳ್ಳೋಕೆ ನಾನೇ ಹೇಳ್ತೀನಿ," ಎಂದರು ಮುಖ್ಯಸ್ಥರು. ಮುಂದಿನ ವರ್ಷ ತಾವೇ ಇಲ್ಲಿ ಇರುವುದಿಲ್ಲ ಎಂಬುದು ಅವರಿಗೂ ತಕ್ಷಣ ಹೊಳೆದಿರಬೇಕು. ನೋಟವನ್ನು ಕಿಟಕಿಯತ್ತ ಹೊರಳಿಸಿದರು.

ಅವಳು ಸಹಿ ಹಾಕಿದಳು. ಪೆನ್ನು ಮೊದಲ ಸಲ ಮೂಡಲಿಲ್ಲ. ಗುಮಾಸ್ತ ತನ್ನ ಜೇಬಿನ ಪೆನ್ನು ಕೊಟ್ಟ. ಅದು ಸಲೀಸಾಗಿ ಓಡಿತು.

ಮಗಳು ಕುರ್ಚಿಯಿಂದಿಳಿದು ಬಂದು ಮೇಜಿನ ಅಂಚಿಗೆ ಗಲ್ಲ ಊರಿ ನಿಂತಿದ್ದಳು. ಈಚೆಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಗೀಳು ಅವಳಿಗೆ. ಹಾಳೆಯ ಮೇಲಿನ ಪಟ್ಟಿಯಲ್ಲಿ ಬೆರಳು ಸರಿಸುತ್ತ, ತುಟಿಯಲ್ಲೇ ಓದಿಕೊಂಡು ಹೋದಳು. ಸೋಮವಾರ, ಮೂರು. ಮಂಗಳವಾರ, ಎರಡು. ಬೆರಳು ಕೆಳಗಿಳಿಯುತ್ತ ಕೊನೆಯ ಸಾಲಿಗೆ ಬಂದು ನಿಂತಿತು. ಅವಳು ತಲೆಯೆತ್ತಿ ಅಮ್ಮನನ್ನು ನೋಡಿದಳು, ಮತ್ತೆ ಹಾಳೆಯನ್ನು ನೋಡಿದಳು.

"ಸರಿ, ಹುಡುಗರು ಬಂದು ಕೂತಿದ್ದಾರೆ," ಎಂದರು ಮುಖ್ಯಸ್ಥರು, ಮೆಲ್ಲಗೆ. "ನಾನು ಇದನ್ನ ಮೇಲಕ್ಕೆ ತಲುಪಿಸ್ಬೇಕು. ಇವತ್ತೊಂದಿನ ಕ್ಲಾಸು ನೋಡ್ಕೊಂಡ್ಬಿಡಮ್ಮ."

ಅವಳು ತಲೆಯಾಡಿಸಿದಳು. ಅಭ್ಯಾಸಬಲ. ಎದ್ದು ಮಗಳತ್ತ ಕೈ ಚಾಚಿದಳು. ಮಗಳು ಕೈ ಹಿಡಿಯಲಿಲ್ಲ. ಬೆರಳು ಇನ್ನೂ ಹಾಳೆಯ ಮೇಲೇ ಇತ್ತು. ಬಸ್ಸು ಬರಲು ಇನ್ನೂ ನಾಲ್ಕು ಗಂಟೆಯಿತ್ತು.

"ಅಮ್ಮಾ," ಎಂದಳು, ಎಲ್ಲರಿಗೂ ಕೇಳುವಂತೆ. "ಶನಿವಾರ ‘ಇಲ್ಲ’ ಅಂತ ಬರೆದಿದ್ದಾರೆ. ಹಾಗಾದ್ರೆ ಇಷ್ಟು ದಿನ ನಾವಿಬ್ರೂ ಎಲ್ಲಿಗೆ ಹೋಗ್ತಿದ್ವಿ?"